ವಿಡಂಬನೆಯ ಅಚ್ಚುಚಿತ್ರಕ್ಕೆ ಅಡಿಬರಹ ಬೇಕೇ?

ಕಪ್ಪುಶಾಯಿ:
ಲಿನೋ ಹಾಳೆಯಲ್ಲಿ (ಕೊರೆದು, ಶಾಯಿ ಬಳಿದು ಅಚ್ಚೊತ್ತುವ ಮೆತ್ತನೆಯ ಹಾಳೆ) ಒಂದು ಚಿತ್ರ ಕೊರೆಯುತ್ತಿದ್ದೇನೆ. ಕಚೇರಿಯ ಕಿಟಕಿಯ ಮುಂದೆ ಉದ್ದನೆಯ ಸಾಲು. ಒಳಗೆ ಗುಮಾಸ್ತ ಮೊಬೈಲಿನಲ್ಲಿ ಮುಳುಗಿದ್ದಾನೆ, ಹೊರಗೆ ನಿಂತವರೂ ಅಷ್ಟೇ. ಕರಡು ನೋಡಿದವರು ನಗುತ್ತಾರೆ, ಆಮೇಲೆ ‘ಇಲ್ಲಿ ತಪ್ಪು ಯಾರದು?’ ಎನ್ನುತ್ತಾರೆ. ಕೆಳಗೆ ಒಂದು ಸಾಲು ಬರೆದುಬಿಡಲೇ?

ಹಳೆಯ ಉಳಿ:
ಖಂಡಿತ ಬೇಡ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಅಕ್ಷರಗಳನ್ನೆಲ್ಲ ಉಲ್ಟಾ ಕೊರೆಯಬೇಕು. ಒಂದು ಒತ್ತಕ್ಷರ ಕಿತ್ತುಬಂದರೆ ವ್ಯಂಗ್ಯವೂ ಅದರ ಜೊತೆಗೇ ಹೋಯಿತು. ಅದಿರಲಿ, ಇಂಗ್ಲೆಂಡಿನ ಚಿತ್ರಕಾರ ಹೊಗಾರ್ತ್ 1751ರಲ್ಲಿ ಹೊರತಂದ ‘ಜಿನ್ ಲೇನ್’ ನೋಡಿ, ಜಿನ್ ಮದ್ಯ ಕುಡಿದು ಹಾಳಾದ ಬೀದಿಯ ಅಚ್ಚುಚಿತ್ರ. ಎಲ್ಲರ ಕಣ್ಣು ಹೋಗುವುದು ಮೆಟ್ಟಿಲ ಮೇಲೆ ಕುಳಿತು ನಶ್ಯ ತೆಗೆಯುತ್ತಿರುವ ಕುಡುಕಿಯ ಕಡೆಗೆ. ಮಗು ಕೈಜಾರಿ ತಲೆಕೆಳಗಾಗಿ ಬೀಳುತ್ತಿದೆ, ಆಕೆಗೆ ಪರಿವೆಯೇ ಇಲ್ಲ. ನಾನಂತೂ ನೋಡುವುದು ಎಡಗಡೆಯ ಗಿರವಿ ಅಂಗಡಿಯನ್ನು. ಬಡಗಿ ಗರಗಸ ಹೊತ್ತು ಬಂದಿದ್ದಾನೆ, ಹೆಂಗಸೊಬ್ಬಳು ಅಡುಗೆಯ ಪಾತ್ರೆ ತಂದಿದ್ದಾಳೆ. ದುಡಿಯುವ ಸಲಕರಣೆಯೂ ಹೋಯಿತು, ಒಲೆಯೂ ಆರಿತು! ಜೋಡಿಚಿತ್ರ ‘ಬಿಯರ್ ಸ್ಟ್ರೀಟ್’ನಲ್ಲಿ ಬೀದಿಯವರೆಲ್ಲ ಸುಖವಾಗಿದ್ದಾರೆ, ಗಿರವಿಯವನ ಮನೆಯೇ ಬೀಳುವ ಹಾಗಿದೆ. ಊರು ಕೆಟ್ಟರೆ ಯಾರ ಗಲ್ಲಾ ತುಂಬುತ್ತದೆ ಎನ್ನುವುದಕ್ಕೆ ಇಷ್ಟು ಸಾಕಲ್ಲ. ನಿಮ್ಮ ಚಿತ್ರದಲ್ಲಿ ಲಾಭ ಮಾಡಿಕೊಳ್ಳುವವನು ಎಲ್ಲಿದ್ದಾನೆ?

ಕಲ್ಲಚ್ಚು:
‘ಜಿನ್ ಲೇನ್’ ಕೆಳಗೇ ಪದ್ಯವಿದೆಯಲ್ಲ, ಸ್ವಾಮಿ! ಫ್ರಾನ್ಸಿನ ವ್ಯಂಗ್ಯಚಿತ್ರಕಾರ ದೋಮಿಯೇ ಚಿತ್ರಗಳಿಗೂ ಅಡಿಬರಹವಿದೆ. ಅಲ್ಲಿನ ರಾಜನನ್ನು ‘ಗಾರ್ಗಾಂಚುವಾ’ ಎಂಬ ಕಥೆಯ ಹೊಟ್ಟೆಬಾಕ ದೈತ್ಯನನ್ನಾಗಿಸಿ ಬರೆದದ್ದಕ್ಕೆ 1832ರಲ್ಲಿ ಅವನು ಜೈಲು ಕಂಡ. 1835ರ ಕಾನೂನು ರಾಜಕೀಯ ವ್ಯಂಗ್ಯಚಿತ್ರಗಳ ಬಾಯಿ ಕಟ್ಟಿದ ಮೇಲೆ ವಕೀಲರು, ಮನೆ ಮಾಲೀಕರು, ಗಂಡ ಹೆಂಡಿರ ಜಗಳಗಳತ್ತ ತಿರುಗಿದ. ಮಾತಿಲ್ಲದೆ ಅವು ಅರ್ಧ.

ಹಳೆಯ ಉಳಿ:
ಆ ಮಾತುಗಳಲ್ಲಿ ಬಹುಪಾಲು ಬೇರೆಯವರು ಬರೆದವು. ಅವನು ಬಿಡಿಸಿದ ವಕೀಲ ಕರಿ ನಿಲುವಂಗಿ ಹಾರಿಸಿಕೊಂಡು ಮೂಗು ಮೇಲೆತ್ತಿ ನಡೆಯುವ ಠೀವಿಗೆ ಯಾವ ಅಡಿಬರಹ ಬೇಕು? ಪದ್ಯ ಇರಲಿ, ಬೇಡವೆನ್ನುವುದಿಲ್ಲ. ಚಿತ್ರದ ಕೆಲಸವನ್ನು ಅದರ ತಲೆಗೆ ಕಟ್ಟಬೇಡಿ ಎಂದೆ.

ಕಪ್ಪುಶಾಯಿ:
ಹಾಗಾದರೆ ಕಿಟಕಿಯ ಪಕ್ಕದ ಬಾಗಿಲಿನಿಂದ ಮಧ್ಯವರ್ತಿಯೊಬ್ಬ ಕಡತ ಹಿಡಿದು ಒಳಗೆ ನುಗ್ಗಲಿ. ಅವನೊಬ್ಬನ ಕೈಯಲ್ಲಿ ಮೊಬೈಲ್ ಇಲ್ಲ. ಹಾಳೆಯ ಎಡ ಅಂಚನ್ನು ಇನ್ನೂ ಮುಟ್ಟಿಲ್ಲ, ಜಾಗವಿದೆ.

ಹಳೆಯ ಉಳಿ:
ಸರಿ, ಕೊರೆಯಿರಿ. ಅಚ್ಚಿನಲ್ಲಿ ಅವನು ಬಲಕ್ಕೆ ಬರುತ್ತಾನೆ, ಸಾಲಿನವರ ಮುಖ ಯಾವ ಕಡೆಗಿದೆ ಎಂದು ಮೊದಲು ಕನ್ನಡಿ ಹಿಡಿದು ನೋಡಿಕೊಳ್ಳಿ.