ಮರಳಲ್ಲಿ ಓಡಿದ ಹಳೇ ಫೋರ್ ಬೈ ಫೋರ್: ಕೊಳ್ಳುವ ಮುಂಚೆ ಏನೇನು ನೋಡಬೇಕು?

ಏಳು ವರ್ಷದ ಡೀಸೆಲ್ ಫೋರ್ ಬೈ ಫೋರ್ ಪಿಕಪ್ ಒಂದು ನೋಡಿದ್ದೀನಿ. ಒಬ್ಬರೇ ಮಾಲೀಕರು, ಮೀಟರ್‌ನಲ್ಲಿ 84,000 ಕಿ.ಮೀ. ರಜೆ ಸಿಕ್ಕಾಗಲೆಲ್ಲ ಮರುಭೂಮಿಯ ದಿಬ್ಬಗಳಲ್ಲೇ ಓಡಿಸಿದ್ದು ಅಂತ ಅವರೇ ಹೇಳಿದರು. ಬಾಡಿ ಫಳಫಳ ಅಂತಿದೆ, ತುಕ್ಕಿನ ಚುಕ್ಕೆ ಇಲ್ಲ. ಶನಿವಾರ ಮತ್ತೆ ಹೋಗ್ತೀನಿ. ರಸ್ತೆ ಮೇಲೆ ಓಡಿದ ಗಾಡಿ ಪರೀಕ್ಷೆ ಮಾಡಿ ಗೊತ್ತು, ಮರಳಿನ ಗಾಡಿ ಗೊತ್ತಿಲ್ಲ. ಕೊಂಡು ಅನುಭವಿಸಿದವರು ದಯವಿಟ್ಟು ಹೇಳಿ.

* * *

ಅನುಭವಿಸಿದವನು ನಾನಿದ್ದೀನಿ ಸಾರ್. ಇಂಥದ್ದೇ ಗಾಡಿ ನೋಡೋಕೆ ಹೋದವನು ಟೈರಿಗೆ ಒದ್ದು ನೋಡಿ, ಪೇಂಟ್ ಸವರಿ ನೋಡಿ, ಎರಡು ಸುತ್ತು ಓಡಿಸಿ ಅಡ್ವಾನ್ಸ್ ಕೊಟ್ಟು ಬಂದೆ. ಐದನೇ ತಿಂಗಳಿಗೆ ಆಯಿಲ್ ಕುಡಿಯೋಕೆ ಶುರು. ಬಿಚ್ಚಿಸಿದರೆ ನಾಲ್ಕೂ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದು, ಪಿಸ್ಟನ್ ರಿಂಗ್‌ಗಳು ಬ್ಲೇಡಿನ ಹಾಗಾಗಿದ್ದವು. ಕಾರಣ? ಏರ್ ಫಿಲ್ಟರ್ ಡಬ್ಬಿಯ ಒಂದು ಕ್ಲಿಪ್ ಮುರಿದಿತ್ತು, ಅಷ್ಟೇ. ಆ ಸಂದಿಯಲ್ಲಿ ಎಷ್ಟು ವರ್ಷದಿಂದ ಧೂಳು ಒಳಗೆ ಹೋಗ್ತಿತ್ತೋ.

ಹಾಗಾಗಿ ಬಾನೆಟ್ ಎತ್ತಿದ ಕೂಡಲೇ ಆ ಡಬ್ಬಿ ಬಿಚ್ಚಿ. ಫಿಲ್ಟರ್ ಕೊಳೆಯಾಗಿದ್ದರೆ ಬೇಜಾರಿಲ್ಲ, ಅದು ಇರೋದೇ ಕೊಳೆ ಹಿಡಿಯೋಕೆ. ನೋಡಬೇಕಾದ್ದು ಫಿಲ್ಟರ್ ದಾಟಿದ ಮೇಲಿನ ಜಾಗ. ಎಂಜಿನ್ ಆಫ್ ಮಾಡಿ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ) ಕಡೆ ಹೋಗುವ ರಬ್ಬರ್ ಪೈಪ್ ಕಳಚಿ, ಬೆರಳಿಗೆ ಬಿಳೀ ಬಟ್ಟೆ ಸುತ್ತಿ ಒಳಗೋಡೆ ಒರೆಸಿ. ಕಂದು ಹುಡಿ ಬಂತೋ, ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ. ಎಣ್ಣೆ ಪಸೆ ಕಂಡರೆ ಗಾಬರಿ ಬೇಡ, ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಸಾಮಾನ್ಯವಾಗಿ ಅಲ್ಲೇ ಬಂದು ಸೇರುತ್ತೆ. ಆ ಪಸೆಯನ್ನ ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ. ನುಣ್ಣಗೆ ಜಾರಿದರೆ ಬರೀ ಎಣ್ಣೆ. ಕರಕರ ಅಂದರೆ ಮರಳು.

ಪೈಪಿನ ಆ ತುದಿಯಲ್ಲಿ ಟರ್ಬೊ ಚಕ್ರ ಕಾಣುತ್ತೆ. ಟಾರ್ಚ್ ಬಿಟ್ಟು ರೆಕ್ಕೆಗಳ ಅಂಚು ನೋಡಿ. ಅರ ಹಾಕಿ ಉಜ್ಜಿದ ಹಾಗೆ ಮೊಂಡಾಗಿದ್ದರೆ ಧೂಳು ಅದೇ ದಾರಿಯಲ್ಲಿ ಹೋಗಿದೆ ಅಂತಲೇ ಅರ್ಥ. ಕಾಲಿಗೆ ಚುಚ್ಚುವ ದಪ್ಪ ಮರಳು ಫಿಲ್ಟರ್‌ನಲ್ಲೇ ನಿಂತುಬಿಡುತ್ತೆ. ಸಾಲಾಗಿ ಹೋಗುವಾಗ ಮುಂದಿನ ಗಾಡಿ ಎಬ್ಬಿಸುತ್ತಲ್ಲ, ಪೌಡರಿನಂಥ ಧೂಳು, ಅದು ಅಪಾಯ. ಅದರಲ್ಲಿರುವ ಕ್ವಾರ್ಟ್ಜ್ ಕಣ ಬೋರಿನ ಕಬ್ಬಿಣಕ್ಕಿಂತ ಗಟ್ಟಿ.

ಆಮೇಲೆ ಎಂಜಿನ್ ಬಿಸಿಯಾದ ಮೇಲೆ, ಐಡಲ್‌ನಲ್ಲಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದೇ ಬಾಯಿಯ ಮೇಲೆ ಸುಮ್ಮನೆ ಇಡಿ. ಡೀಸೆಲ್‌ನಲ್ಲಿ ಅಲ್ಪಸ್ವಲ್ಪ ಹೊಗೆ ಮಾಮೂಲು. ಮುಚ್ಚಳ ಕುಣಿದು ಬಿದ್ದರೆ, ಬುಸ್ ಬುಸ್ ಅಂತ ಹೊಗೆ ಉಕ್ಕಿದರೆ, ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡದ ಪರೀಕ್ಷೆ) ಆಗದೆ ಮಾತು ಮುಂದುವರಿಸಬೇಡಿ.

* * *

ಮೇಲಿನವರ ಮಾತಿಗೆ ಇದೊಂದು ಸೇರಿಸಿಕೊಳ್ಳಿ. ಫಿಲ್ಟರ್ ಹೊಚ್ಚ ಹೊಸದಿದ್ದರೆ ಖುಷಿಪಡಬೇಡಿ, ಹಳೇದು ಎಲ್ಲಿ ಅಂತ ಕೇಳಿ. ಕಾಗದದ ಫಿಲ್ಟರ್‌ಗೆ ಕಂಪ್ರೆಸರ್ ಗಾಳಿ ಊದಿ ಊದಿ ವರ್ಷಗಟ್ಟಲೆ ಅದನ್ನೇ ಹಾಕೋರಿದ್ದಾರೆ. ಜೋರು ಗಾಳಿಗೆ ಕಾಗದ ಸೀಳುತ್ತೆ. ಬಿಸಿಲಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕು ಕಾಣೋದುಂಟು.

* * *

ನನಗೆ ಎಂಜಿನ್‌ಗಿಂತ ಚಾಸಿಯದ್ದೇ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಭಯ. ಎಂಜಿನ್ ಆದರೆ ಬದಲಾಯಿಸಬಹುದು. ದಿಬ್ಬದ ನೆತ್ತಿಯಿಂದ ಹಾರಿಸಿ ಮೂತಿ ಕೆಳಗಾಗಿ ಬಿದ್ದ ಗಾಡಿಯ ಚಾಸಿ ನೆಟ್ಟಗೆ ಮಾಡಿಸೋದು ಸುಮ್ಮನೆ ಮಾತಲ್ಲ. ಪಕ್ಕದಲ್ಲಿ ನಿಂತು ಕ್ಯಾಬಿನ್ನಿಗೂ ಹಿಂದಿನ ತೊಟ್ಟಿಗೂ ನಡುವಿನ ಸಂದಿ ನೋಡಿ. ಮೇಲೆ, ಕೆಳಗೆ ಒಂದೇ ಅಗಲ ಇರಬೇಕು. ಆಮೇಲೆ ಅಡಿಗೆ ನುಗ್ಗಿ, ಶಾಕ್ ಅಬ್ಸಾರ್ಬರ್ ಕೂರುವ ಬ್ರಾಕೆಟ್‌ಗಳ ಸುತ್ತ ಕೂದಲೆಳೆ ಬಿರುಕು ಇದೆಯಾ ಹುಡುಕಿ. ಉಳಿದೆಲ್ಲ ಕಡೆ ಬಣ್ಣ ಮಾಸಿ, ಅದೊಂದೇ ಜಾಗ ಕರ್ರಗೆ ಹೊಳೀತಿದ್ದರೆ ಅಲ್ಲಿ ಏನೋ ಮುಚ್ಚಿದ್ದಾರೆ.

ತುಕ್ಕಿಲ್ಲ ಅಂದಿರಿ. ಒಣ ಮರಳಲ್ಲಿ ತುಕ್ಕು ಕಡಿಮೆ, ನಿಜ. ಆದರೆ ಅರಬ್ಬರು ಸಬ್ಖಾ ಅನ್ನುವ ಉಪ್ಪುನೆಲವೂ ಮರುಭೂಮಿಯೇ. ಮೇಲೆ ಒಣಗಿದ ಹಪ್ಪಳೆ, ಕೆಳಗೆ ಉಪ್ಪಿನ ಕೆಸರು. ಅದರಲ್ಲಿ ಒಮ್ಮೆ ಹೂತು, ಸರಿಯಾಗಿ ತೊಳೆಸಿಕೊಳ್ಳದ ಗಾಡಿ ಒಳಗಿಂದ ಕೊಳೆಯುತ್ತೆ. ಚಾಸಿಯ ಟೊಳ್ಳಿನೊಳಗೆ ಸೇರಿದ ಮರಳು, ವಾಟರ್ ಸರ್ವಿಸ್ ಮಾಡಿಸಿದಾಗಲೆಲ್ಲ ನೀರು ಹಿಡಿದಿಟ್ಟುಕೊಳ್ಳುತ್ತೆ. ಚಿಕ್ಕ ಸುತ್ತಿಗೆ ಹಿಡಿದು ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ದಬ್ ಅಂದ ಕಡೆ ಒಂದೋ ಮರಳು ತುಂಬಿದೆ, ಇಲ್ಲ ತಗಡು ತೆಳ್ಳಗಾಗಿದೆ. ಒಂದು ಗಾಡಿಯ ಚಾಸಿ ತೂತಿಗೆ ಬೆರಳು ಹಾಕಿದರೆ ಒದ್ದೆ ಮರಳು ಬಂತು. ಮಳೆ ನಿಂತು ಮೂರು ವಾರ ಆಗಿತ್ತು!

* * *

ಪ್ರಶ್ನೆ ಕೇಳಿದವನು ಮತ್ತೆ: ತುಂಬ ಉಪಕಾರ. ಏಳು ವರ್ಷಕ್ಕೆ 84,000 ಅಂದರೆ ಕಮ್ಮಿ ಓಡಿದೆ ಅಂದ್ಕೊಂಡಿದ್ದೆ. ಹಾಗಲ್ವಾ?

* * *

ಮರಳಿನ ಗಾಡಿಗೆ ಕಿಲೋಮೀಟರ್ ಲೆಕ್ಕ ಹಿಡಿಯಬೇಡಿ. ಸ್ಪೀಡ್ ಇಪ್ಪತ್ತೈದು ಇರುತ್ತೆ, ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಕೂಗ್ತಿರುತ್ತೆ. ಪೆಟ್ಟು ಬೀಳೋದು ಕ್ಲಚ್ಚಿಗೆ, ಆಟೊಮ್ಯಾಟಿಕ್ ಆದರೆ ಗೇರ್ ಬಾಕ್ಸಿಗೆ. ಆಟೊಮ್ಯಾಟಿಕ್‌ಗೆ ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇದ್ದರೆ ಎಳೆದು ಮೂಸಿ ನೋಡಿ, ಸುಟ್ಟ ವಾಸನೆ, ಕಪ್ಪು ಬಣ್ಣ ಎರಡೂ ಬೇಡ. ಮ್ಯಾನುವಲ್ ಆದರೆ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದೆ ಓಡ್ತಾನೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಫೋರ್ ಹೈ, ಫೋರ್ ಲೋ (ನಾಲ್ಕೂ ಚಕ್ರ ಎಳೆಯುವ ವೇಗದ, ನಿಧಾನದ ಗೇರು), ಡಿಫ್ ಲಾಕ್ (ಎಡ-ಬಲ ಚಕ್ರ ಒಟ್ಟಿಗೇ ತಿರುಗಿಸುವ ಬೀಗ) ಎಲ್ಲ ಹಾಕಿಸಿ ನೋಡಿ, ಆದರೆ ಮಣ್ಣಿನ ನೆಲದಲ್ಲಿ. ಡಾಂಬರಿನ ಮೇಲೆ ಹಾಕಿ ತಿರುಗಿಸಿದರೆ ನೀವೇ ಕೆಡಿಸಿದ ಹಾಗಾಗುತ್ತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಚಲಿಸುವಾಗ ಮುಂದಿನ ಚಕ್ರದಲ್ಲಿ ಕಟಕಟ ಬಂದರೆ ಆಕ್ಸಲ್ ಬೂಟ್ (ಜಾಯಿಂಟಿನ ರಬ್ಬರ್ ಹೊದಿಕೆ) ಹರಿದು ಮರಳು ಜಾಯಿಂಟ್ ತಿಂದಿದೆ. ಎ.ಸಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಟಾರ್ಚ್ ಬಿಡೋದು ಮರೀಬೇಡಿ, ಪೈಪ್ ಹಿಡಿದು ತೊಳೆಯುವವರಿಗೆ ಆ ಸಂದಿ ಎಟಕೋದಿಲ್ಲ, ಮರಳು ಅಲ್ಲೇ ಉಳಿದಿರುತ್ತೆ.

* * *

ಟೈರು ಹೊಸದು ಅಂದರೆ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರದ್ದು. ಗಾಳಿ 15 ಪಿ.ಎಸ್.ಐ.ಗೆ ಇಳಿಸಿ ಓಡಿಸಿರ್ತಾರೆ, ಹಾಗಾಗಿ ಟೈರಿನ ಒಳಮೈ, ರಿಮ್ಮಿನ ಒಳ ಅಂಚು ನೋಡಬೇಕು. ಹೊರಗಿಂದ ಚೆನ್ನಾಗೇ ಕಾಣುತ್ತೆ.

ನಿಮ್ಮ ಮಾಲೀಕರು ಬಾಯಿಬಿಟ್ಟು ಹೇಳಿದ್ದಾರೆ, ಪರವಾಗಿಲ್ಲ. ಹೇಳದವರ ಗಾಡಿಯಾದರೆ ನಾನು ಸೀಟ್ ಬೆಲ್ಟ್ ಪೂರ್ತಿ ಎಳೆದು ಬಿಡ್ತೀನಿ. ಅರ್ಧಕ್ಕೇ ನಿಂತು, ಮಡಿಲಿಗೆ ಮರಳು ಉದುರಿದರೆ ಬೇರೆ ಸಾಕ್ಷಿ ಬೇಕಿಲ್ಲ.

* * *

ಪ್ರಶ್ನೆ ಕೇಳಿದವನು, ಶನಿವಾರ ರಾತ್ರಿ: ನೋಡಿ ಬಂದೆ. ಬಿಳೀ ಬಟ್ಟೆ ಬಿಳೀದಾಗೇ ಬಂತು, ಟರ್ಬೊ ರೆಕ್ಕೆ ಚೂಪಾಗಿದೆ, ಕ್ಲಚ್ ಸರಿ. ಹಿಂದಿನ ಬಲಗಡೆ ಶಾಕ್ ಬ್ರಾಕೆಟ್ ಮಾತ್ರ ನೀವಂದ ಹಾಗೇ ಕರ್ರಗೆ ಹೊಳೀತಿತ್ತು. ಥಿನ್ನರ್ ಬಟ್ಟೆಯಲ್ಲಿ ಒರೆಸಲಾ ಅಂದೆ, ಒಂದು ಕ್ಷಣ ಯೋಚಿಸಿ ಹೂಂ ಅಂದರು. ಕೆಳಗೆ ನಾಲ್ಕು ಬೆರಳುದ್ದ ವೆಲ್ಡಿಂಗ್. ಎರಡು ವರ್ಷದ ಹಿಂದೆ ಹಾರಿಸಿದ್ದು ನಿಜ ಅಂತ ಒಪ್ಪಿಕೊಂಡರು. ಸೋಮವಾರ ಗಾಡಿ ಲಿಫ್ಟ್ ಮೇಲೆ ಹತ್ತಿಸಿ ಚಾಸಿ ಅಳತೆ ತೆಗೆಸೋಣ ಅಂತ ಮಾತಾಗಿದೆ, ಖರ್ಚು ಅರ್ಧ ಅರ್ಧ. ಅಲ್ಲೀವರೆಗೂ ಅಡ್ವಾನ್ಸ್ ಕೊಟ್ಟಿಲ್ಲ.