ಹರಾಜಲ್ಲಿ ತಗೊಂಡ ಪೊಲೀಸ್ ಸೈಕಲ್, ಏರಲ್ಲಿ ಪೆಡಲ್ ಜಾರ್ತಿದೆ, ಯಾರಿಗಾದ್ರೂ ಗೊತ್ತಾ?

ಮಳೆಸವಾರ: ಸಿಯಾಟಲ್ ಹತ್ರ ಇದೀನಿ. ಹರಾಜಲ್ಲಿ ಹಳೇ ಗಸ್ತು ಸೈಕಲ್ ತಗೊಂಡೆ, ಸ್ಟಿಕ್ಕರ್ ಎಲ್ಲ ಕೆರೆದಿದಾರೆ, ಆದ್ರೂ ಬಿಸಿಲಿಗೆ ಹಿಡಿದ್ರೆ ಫ್ರೇಮ್ ಮೇಲೆ ಪೊಲೀಸ್ ಅನ್ನೋ ಅಕ್ಷರದ ಗುರುತು ಕಾಣುತ್ತೆ. ಏರಲ್ಲಿ ಎದ್ದು ನಿಂತು ತುಳಿದ್ರೆ ಪೆಡಲ್ ಸರಕ್ ಅಂತ ಖಾಲಿ ಹೋಗುತ್ತೆ, ನಿನ್ನೆ ಮೊಣಕಾಲು ಹ್ಯಾಂಡಲ್‌ಗೆ ಬಡಿದು ಊದ್ಕೊಂಡಿದೆ. ಹೊಸ ಚೈನ್ ಹಾಕಿಸಾಯ್ತು, ಗೇರ್ ಟ್ಯೂನ್ ಮಾಡಿಸಾಯ್ತು, ಅದೇ ಕತೆ. ಸಾಕಾಗಿದೆ.

ಗೇರ್‌ಗುಂಡ: ಹೊಸ ಚೈನು ಹಳೇ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮೇಲೆ ಹಾಕಿದ್ರೆ ಜಾರದೆ ಇನ್ನೇನು. ಕ್ಯಾಸೆಟ್ ಬದಲಾಯಿಸು.

ಮಳೆಸವಾರ: ಅದೂ ಹೊಸದೇ, ಬರೆಯೋದು ಬಿಟ್ಹೋಯ್ತು.

ಗೇರ್‌ಗುಂಡ: ಹಾಗಾದ್ರೆ ಪೆಡಲ್ ಹತ್ರದ ಹಲ್ಲುಚಕ್ರ, ಅಂದ್ರೆ ಮುಂದಿನ ಚೈನ್‌ರಿಂಗ್ ಹಲ್ಲು ಸವೆದಿರುತ್ತೆ. ನೂರಕ್ಕೆ ನೂರು. ಫೋಟೋ ಹಾಕು.

ಡಬಲ್‌ಬಾರ್: ಪೊಲೀಸ್ರು ಮೌಂಟನ್ ಬೈಕಲ್ಲಿ ಗಸ್ತು ಶುರು ಮಾಡಿದ್ದೇ ನಿಮ್ಮ ಸಿಯಾಟಲ್‌ನಲ್ಲಿ, 1987ರಲ್ಲಿ, ಡೌನ್‌ಟೌನ್ ಟ್ರಾಫಿಕ್ಕಲ್ಲಿ ಕಾರು ನುಗ್ಗದೆ ಇದ್ದಾಗ. ಹಿಂದೆ ರ‍್ಯಾಕು, ಅದರ ಮೇಲೆ ಬ್ಯಾಗು, ಸವಾರನ ಮೈಮೇಲೆ ಬೆಲ್ಟು ವೆಸ್ಟು, ಅಷ್ಟೂ ಭಾರ ಹೊತ್ಕೊಂಡು ಮೆಟ್ಟಿಲು ಇಳಿಸ್ತಾರೆ. ಅದಕ್ಕೆ 26 ಇಂಚಿನ ಚಕ್ರನೇ ಗಟ್ಟಿ, 29 ಬರೀ ಶೋಕಿ.

ಗೇರ್‌ಗುಂಡ: 29 ಓಡಿಸಿದೀಯಾ ಯಾವತ್ತಾದ್ರೂ? ಫುಟ್‌ಪಾತ್ ಅಂಚು ಹತ್ತಿಸಿ ನೋಡು ಆಮೇಲೆ ಮಾತಾಡು.

ಮಲ್ನಾಡ್_ಪೆಡಲ್: ಅದಿರ‍್ಲಿ. ಪೆಡಲ್ ನಿಲ್ಲಿಸಿದಾಗ ಹಿಂದಿನ ಚಕ್ರ ಟಿಕ್ ಟಿಕ್ ಅನ್ನುತ್ತಾ?

ಮಳೆಸವಾರ: ಇಲ್ಲ, ಪೂರ್ತಿ ಮೌನ. ಕಳ್ಳನಿಗೆ ಕೇಳಬಾರದು ಅಂತ ಪೊಲೀಸ್ ಸೈಕಲ್‌ಗೆ ಸೈಲೆಂಟ್ ಹಬ್ (ಸದ್ದು ಮಾಡದ ಚಕ್ರದ ನಡುಭಾಗ) ಇರುತ್ತಂತಲ್ಲ, ಅದೇ ಇರ‍್ಬೇಕು ಅನ್ಕೊಂಡೆ.

ಮಲ್ನಾಡ್_ಪೆಡಲ್: ನಿಜವಾದ ಸೈಲೆಂಟ್ ಹಬ್ಬಲ್ಲಿ ಒಳಗೆ ರೋಲರ್ ಕ್ಲಚ್ (ಉರುಳೆಗಳಿಂದ ಹಿಡಿಯೋ ಏರ್ಪಾಡು) ಇರುತ್ತೆ. ಇನ್ನೂ ಒಂದು ದಾರಿ ಇದೆ, ಮಾಮೂಲಿ ಹಬ್ಬಿಗೇ ದಪ್ಪ ಗ್ರೀಸ್ ತುಂಬಿ ಸದ್ದು ಅಡಗಿಸೋದು. ಚಳಿಗೆ ಆ ಗ್ರೀಸ್ ಗಟ್ಟಿಯಾದ್ರೆ ಪಾಲ್, ಅಂದ್ರೆ ಒಳಗಿನ ಚಿಕ್ಕ ಕೊಕ್ಕೆ, ಮೇಲಕ್ಕೇ ಏಳಲ್ಲ, ಕಚ್ಚಲ್ಲ, ಪೆಡಲ್ ಖಾಲಿ ಹೋಗುತ್ತೆ. ಯಾವ ಹೊತ್ತಲ್ಲಿ ಜಾರೋದು ಹೇಳು.

ಮಳೆಸವಾರ: ಬೆಳಗ್ಗೆ ಮಾತ್ರ! ಮನೆ ಬಿಟ್ಟ ತಕ್ಷಣದ ಏರಲ್ಲಿ. ಮಧ್ಯಾಹ್ನ ಒಂದ್ಸಲನೂ ಆಗಿಲ್ಲ.

ಮಲ್ನಾಡ್_ಪೆಡಲ್: ಇದನ್ನ ಮೊದಲೇ ಹೇಳ್ಬೇಕಿತ್ತು ಮಾರಾಯ. ಕಾರ್ಟ್ರಿಜ್ ಬೇರಿಂಗ್ ಹಬ್ ಆದ್ರೆ ತುದಿಯ ಎಂಡ್ ಕ್ಯಾಪ್ ಕಿತ್ತು ಫ್ರೀಹಬ್ (ಕ್ಯಾಸೆಟ್ ಕೂರೋ ಭಾಗ) ಎಳೆದ್ರೆ ಸಾಮಾನ್ಯವಾಗಿ ಕೈಗೇ ಬರುತ್ತೆ, ಕೆಳಗೆ ಬಟ್ಟೆ ಹಾಸ್ಕೋ, ಸ್ಪ್ರಿಂಗ್ ಹಾರಿದ್ರೆ ಸಿಗಲ್ಲ. ಗ್ರೀಸ್ ಪೂರ್ತಿ ತೊಳೆದು ತೆಳು ಎಣ್ಣೆ ಎರಡು ಹನಿ ಬಿಡು ಸಾಕು.

ಗೇರ್‌ಗುಂಡ: ಚೈನ್‌ರಿಂಗ್ ಫೋಟೋ ಇನ್ನೂ ಹಾಕಿಲ್ಲ.

ಮಳೆಸವಾರ: ಬಿಚ್ಚಿದೆ. ಗ್ರೀಸ್ ಹಳೇ ಜೋನಿಬೆಲ್ಲದ ಥರ ಕಪ್ಪಗೆ ಅಂಟಂಟು, ಮೂರು ಪಾಲಲ್ಲಿ ಎರಡು ಒಳಗೇ ಕಚ್ಕೊಂಡು ಕೂತಿದ್ವು, ಉಗುರಲ್ಲಿ ಎತ್ತಿದ್ರೂ ಮೇಲೇಳಲಿಲ್ಲ. ತೊಳೆದು ಎಣ್ಣೆ ಬಿಟ್ಟೆ, ಈಗ ಟಿಕ್ ಟಿಕ್ ಅಂತಿದೆ. ನಾಳೆ ಬೆಳಗ್ಗೆ ಅದೇ ಏರು ಹತ್ತಿ ಹೇಳ್ತೀನಿ.

ಡಬಲ್‌ಬಾರ್: ನಮ್ಮಪ್ಪನ 22 ಇಂಚಿನ ಡಬಲ್ ಬಾರ್ ಇನ್ನೂ ದಿನಾ ಓಡಿಸ್ತೀನಿ, ರಾಡ್ ಬ್ರೇಕು, ಮೊನ್ನೆ ಹೊಸ ಡೈನಮೋ ಹಾಕ್ಸಿದೆ, ಸಂಜೆ ಫೋಟೋ ಹಾಕ್ತೀನಿ ನೋಡಿ.