ಡಿವಿಡಿ ನಿಧಾನವಾಗಿ ಬರ್ನ್ ಮಾಡಿದರೆ ಜಾಸ್ತಿ ದಿನ ಬಾಳುತ್ತಾ? ಅನುಭವ ಇದ್ದವರು ಹೇಳಿ

ಮೈಸೂರಿನ ಮಗ: ಅಪ್ಪ ಅಮ್ಮನ ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಡಿವಿಡಿ-ಆರ್‌ಗೆ ಹಾಕಿ ಅಕ್ಕಂದಿರಿಗೂ ಕೊಡಬೇಕು. ಡಬ್ಬಿ ಮೇಲೆ ಬರೆಯುವ ವೇಗ 16ಎಕ್ಸ್ ಅಂತಿದೆ. ಗೆಳೆಯರು 4ಎಕ್ಸ್‌ನಲ್ಲೇ ಮಾಡು ಅಂತಾರೆ. ನಿಜವಾ?

ಸ್ಟುಡಿಯೋ ದಾವಣಗೆರೆ: ಸೀಸನ್‌ನಲ್ಲಿ ನಾವು 16ಎಕ್ಸ್‌ನಲ್ಲೇ ಹೊಡೆಯುತ್ತಿದ್ದೆವು. ಐದಾರು ನಿಮಿಷಕ್ಕೆ ಒಂದು ಡಿಸ್ಕ್. 4ಎಕ್ಸ್ ಅಂದರೆ ಕಾಲು ಗಂಟೆ, ಗಿರಾಕಿ ಕಾಯುತ್ತಾರಾ? ಆಮೇಲೆ ಶುರುವಾಯಿತು ನೋಡಿ. ವರಪೂಜೆ, ಧಾರೆ ಎಲ್ಲ ಚೆನ್ನಾಗಿ ಓಡುತ್ತೆ, ಹೆಣ್ಣು ಒಪ್ಪಿಸುವಾಗ ನಿಂತುಬಿಡುತ್ತೆ. ಬರೆಯೋದು ಒಳಗಿನಿಂದ ಹೊರಕ್ಕೆ, ಪೂರ್ತಿ 16ಎಕ್ಸ್ ವೇಗ ಬರೋದು ಹೊರ ಅಂಚಿನಲ್ಲಿ. ತಪ್ಪುಗಳೂ ಅಲ್ಲೇ ಗುಂಪು. ಒಬ್ಬ ಗಿರಾಕಿಗೆ ಡಿಸ್ಕ್ 12 ರೂಪಾಯಿ, ಕವರ್ ಪ್ರಿಂಟ್ 35, ಬಸ್ ಪಾರ್ಸಲ್ 60, ಮೇಲೆ ಅರ್ಧ ಬಿಲ್ ವಾಪಸ್! ಅವತ್ತಿಂದ ನಮ್ಮಲ್ಲಿ 8ಎಕ್ಸ್ ದಾಟಿಲ್ಲ.

ಲೆಕ್ಕದ ಮನುಷ್ಯ: 8 ಸರಿ, ಆದರೆ 4ರ ಪುರಾಣ ನಿಲ್ಲಿಸಿ. 16ಎಕ್ಸ್ ಡಿಸ್ಕಿನ ಬಣ್ಣವನ್ನು, ಅಂದರೆ ಲೇಸರ್ ಬರೆಯುವ ಪದರವನ್ನು, ವೇಗದ ಲೇಸರ್‌ಗೆ ಅಂತಲೇ ಹದ ಮಾಡಿರುತ್ತಾರೆ. ಯಾವ ಡಿಸ್ಕಿಗೆ ಯಾವ ವೇಗದಲ್ಲಿ ಎಷ್ಟು ಶಕ್ತಿ ಅನ್ನೋದು ಡ್ರೈವ್‌ನ ಫರ್ಮ್‌ವೇರ್‌ನಲ್ಲಿರುತ್ತೆ, ಅಂದರೆ ಅದರೊಳಗಿನ ಸಾಫ್ಟ್‌ವೇರ್‌ನಲ್ಲಿ. ನಾನು ಲೈಟ್‌ಆನ್ ಡ್ರೈವ್‌ನಲ್ಲಿ ಕೆಪ್ರೋಬ್ ಅನ್ನೋ ತಪ್ಪು ಎಣಿಸುವ ಸಾಫ್ಟ್‌ವೇರ್ ಹಾಕಿ ಅಳೆದವನು. ನನ್ನ ಡಿಸ್ಕುಗಳಲ್ಲಿ 4ಎಕ್ಸ್‌ಗಿಂತ 8ಎಕ್ಸ್‌ನಲ್ಲೇ ಪಿಐ ಎರರ್ (ಓದುವಾಗ ಡ್ರೈವ್‌ಗೆ ಸಿಗುವ ತಪ್ಪುಗಳು) ಕಡಿಮೆ. ಡಿಸ್ಕಿನಲ್ಲಿ ಪ್ರತಿ 8 ಬ್ಲಾಕಿಗೆ (ಡೇಟಾ ತುಂಡಿಗೆ) ಇಂಥ 280 ತಪ್ಪು ಮಿತಿ. ಕಡಿಮೆ ತಪ್ಪಿನಿಂದ ಶುರುವಾದ ಡಿಸ್ಕ್ ಆ ಗೆರೆ ಮುಟ್ಟಲು ಜಾಸ್ತಿ ವರ್ಷ ಬೇಕು. ಸ್ಪೀಡಿನ ಪಾತ್ರ ಅಷ್ಟೇ. ಮಿಕ್ಕಿದ್ದು ಬಿಸಿಲು, ಸೆಕೆ, ತೇವ.

ಶಿರಸಿ ಕಡೆಯವ: ಅಳೆಯುತ್ತಾ ಕೂತಿರಿ! ನನ್ನ ಯಕ್ಷಗಾನ ಸಿಡಿಗಳೆಲ್ಲ 4ಎಕ್ಸ್‌ನಲ್ಲೇ ಮಾಡಿದ್ದು. ಚೆಂದ ಕಾಣಲಿ ಅಂತ ಮೇಲೆ ಸ್ಟಿಕರ್. ಎರಡು ಮಳೆಗಾಲಕ್ಕೆ ಸ್ಟಿಕರ್ ಎದ್ದು ಬೆಳ್ಳಿ ಪದರವನ್ನೇ ಕಿತ್ತುಕೊಂಡು ಬಂತು. ಬೆಂಗಳೂರಿನ ಒಂದು ರಿಕವರಿ ಅಂಗಡಿಗೆ 4,500, ಕೊರಿಯರ್ 180, ಹೊಸ ಹಾರ್ಡ್ ಡಿಸ್ಕ್ ಬೇರೆ. ಸಿಕ್ಕಿದ್ದು ಒಂದೂವರೆ ಪ್ರಸಂಗ.

ಸ್ಟುಡಿಯೋ ದಾವಣಗೆರೆ: ಅದು ಸಿಡಿ ಸ್ವಾಮಿ. ಸಿಡಿಯಲ್ಲಿ ಬರಹದ ಪದರ ಲೇಬಲ್ಲಿನ ಕೆಳಗೇ ಇರುತ್ತೆ. ಡಿವಿಡಿಯಲ್ಲಿ ಎರಡು 0.6 ಮಿಲಿಮೀಟರ್ ಹಾಳೆಗಳ ನಡುವೆ. ಇವರು ಕೇಳಿದ್ದೇ ಬೇರೆ!

ಶಿರಸಿ ಕಡೆಯವ: ಗಿರಾಕಿಗೆ ಅರ್ಧ ದುಡ್ಡು ಮಾತ್ರ ವಾಪಸ್ ಕೊಟ್ಟವರು ನನಗೆ ಪಾಠ ಹೇಳಬೇಡಿ.

ಲೆಕ್ಕದ ಮನುಷ್ಯ: ಡಿವಿಡಿಗೂ ಸ್ಟಿಕರ್ ಬೇಡ, ತೂಕ ಏರುಪೇರಾಗಿ ಡಿಸ್ಕ್ ಅದುರುತ್ತೆ.

ಎಂ-ಡಿಸ್ಕ್ ಭಕ್ತ: ಸುಮ್ನೆ ಎಂ-ಡಿಸ್ಕ್ ತಗೊಳ್ಳಿ. ಬಣ್ಣವೇ ಇಲ್ಲ, ಕಲ್ಲಿನಂಥ ಪದರ. ಡಿವಿಡಿಯಾದರೆ ಹೇಗೂ 4ಎಕ್ಸ್.

ಸ್ಟುಡಿಯೋ ದಾವಣಗೆರೆ: ಬೆಲೆ ಹೇಳಲ್ಲ ನೋಡಿ ಇವರು. ಒಂದರ ದುಡ್ಡಿಗೆ ನನಗೆ ಒಂದು ಡಬ್ಬಿಯೇ ಬರುತ್ತೆ.

ಮೈಸೂರಿನ ಮಗ: ಹಾಗಾದರೆ 8ಎಕ್ಸ್ ಮಾಡಿ, ಬರೆದದ್ದು ಸರಿಯಿದೆಯಾ ಅಂತ ವೆರಿಫೈ ಕೊಟ್ಟು, ಇನ್ನೊಂದು ಕಾಪಿ ಹಾರ್ಡ್ ಡಿಸ್ಕಿನಲ್ಲಿ ಇಡಲಾ?

ಸ್ಟುಡಿಯೋ ದಾವಣಗೆರೆ: ಶಿರಸಿಯವರೇ, ನಿಮ್ಮ ತೆಂಕುತಿಟ್ಟಿನ ಸಿಡಿಗೆ ನಾನೇನು ಮಾಡಲಿ?

ಶಿರಸಿ ಕಡೆಯವ: ತೆಂಕಾ? ಶಿರಸಿಯವನಿಗೆ ತೆಂಕು ಅಂತೀರಾ? ಬಡಗು ಕಣ್ರೀ, ಬಡಗು!